ಬಸ್ಸು ಹತ್ತಿದ ಬಿಟ್‌ಗಳು

2017ರ ಏಪ್ರಿಲ್ ತಿಂಗಳಲ್ಲಿ ಭೂಮಿಯ ಆರು ಕಡೆಗಳಿಂದ ಎಂಟು ರೇಡಿಯೊ ದೂರದರ್ಶಕಗಳು ಒಟ್ಟಾಗಿ ಆಕಾಶ ನೋಡಿದವು. ಹವಾಯಿಯ ಮೌನಾ ಕಿಯಾ ಶಿಖರ, ಅಮೆರಿಕದ ಅರಿಝೋನಾ, ಮೆಕ್ಸಿಕೊ, ಸ್ಪೇನ್, ಚಿಲಿಯ ಅಟಕಾಮಾ ಮರುಭೂಮಿ, ಕೊನೆಗೆ ದಕ್ಷಿಣ ಧ್ರುವ. ಅದುವರೆಗೆ ಯಾರೂ ತೆಗೆಯದಿದ್ದ ಕಪ್ಪುಕುಳಿಯ ಚಿತ್ರ ತೆಗೆಯುವುದು ಅವುಗಳ ಕೆಲಸ. ಕೆಲವೇ ರಾತ್ರಿಗಳಲ್ಲಿ ಕೂಡಿಬಿದ್ದ ಮಾಹಿತಿ ಸುಮಾರು ಐದು ಪೆಟಾಬೈಟ್. ನಮಗೆ ಪರಿಚಯವಿರುವ ಅಳತೆಯಲ್ಲಿ ಹೇಳುವುದಾದರೆ 50 ಲಕ್ಷ ಜಿಬಿ. ಎಲ್ಲ ಕಡೆಯ ಮಾಹಿತಿಯನ್ನೂ ಒಂದೆಡೆ ತಂದು, ಕ್ಷಣಕ್ಕೆ ಕ್ಷಣ ತಾಳೆ ಹಾಕಿದರಷ್ಟೇ ಚಿತ್ರ ಮೂಡುತ್ತದೆ.

ಇಷ್ಟನ್ನು ಇಂಟರ್‌ನೆಟ್ ಮೂಲಕ ಕಳಿಸುವ ಯೋಚನೆಯನ್ನೇ ವಿಜ್ಞಾನಿಗಳು ಮಾಡಲಿಲ್ಲ. ಹಾರ್ಡ್ ಡಿಸ್ಕ್‌ಗಳಿಗೆ ತುಂಬಿ, ಪೆಟ್ಟಿಗೆಗಳಲ್ಲಿ ಜೋಡಿಸಿ, ವಿಮಾನಕ್ಕೆ ಹಾಕಿದರು. ಸುಮಾರು ಅರ್ಧ ಟನ್ ತೂಕದ ಡಿಸ್ಕ್‌ಗಳು ಅಮೆರಿಕದ ಹೇಸ್ಟ್ಯಾಕ್ ವೀಕ್ಷಣಾಲಯಕ್ಕೂ ಜರ್ಮನಿಯ ಬಾನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗೂ ಹಂಚಿಹೋದವು. ದಕ್ಷಿಣ ಧ್ರುವದ ಡಿಸ್ಕ್‌ಗಳು ಮಾತ್ರ ಅಲ್ಲೇ ಉಳಿದವು. ಏಪ್ರಿಲ್ ಎಂದರೆ ಅಲ್ಲಿ ಚಳಿಗಾಲದ ಬಾಗಿಲು. ವಿಮಾನ ಇಳಿಯುವ ಹಾಗಿಲ್ಲ. ಅವು ಹೇಸ್ಟ್ಯಾಕ್ ತಲುಪಿದ್ದು ಆ ವರ್ಷದ ಡಿಸೆಂಬರಿನಲ್ಲಿ. 2019ರ ಏಪ್ರಿಲ್ 10ರಂದು ಬಿಡುಗಡೆಯಾಗಿ ಪತ್ರಿಕೆಗಳ ಮುಖಪುಟಕ್ಕೆ ಬಂದ ಆ ಕಿತ್ತಳೆ ಬಣ್ಣದ ಉಂಗುರದ ಹಿಂದೆ ಇಂಥದೊಂದು ಲಗೇಜು ಸಾಗಾಟವಿತ್ತು.

ಅವರು ಬಳಸಿದ ಡಿಸ್ಕ್‌ಗಳೂ ಅಂಗಡಿಯ ಸಾಮಾನ್ಯ ಮಾಲಲ್ಲ. ಹಾರ್ಡ್ ಡಿಸ್ಕಿನೊಳಗೆ ಗಿರಗಿರ ಸುತ್ತುವ ತಟ್ಟೆಯ ಮೇಲೆ ಓದುವ ಮೊನೆ ತೇಲುತ್ತಿರುತ್ತದೆ. ತಟ್ಟೆಗೂ ಮೊನೆಗೂ ನಡುವೆ ಕೆಲವೇ ನ್ಯಾನೊಮೀಟರ್ ಅಂತರ. ಅದನ್ನು ಎತ್ತಿ ಹಿಡಿಯುವುದು ಗಾಳಿಯ ತೆಳು ಪದರ. ಮೌನಾ ಕಿಯಾ ನಾಲ್ಕು ಸಾವಿರ ಮೀಟರಿಗೂ, ಅಟಕಾಮಾದ ದೂರದರ್ಶಕಗಳು ಐದು ಸಾವಿರ ಮೀಟರಿಗೂ ಎತ್ತರದಲ್ಲಿವೆ. ಅಲ್ಲಿನ ಗಾಳಿ ಎಷ್ಟು ತೆಳುವೆಂದರೆ ಮೊನೆ ತೇಲಲಾರದೆ ತಟ್ಟೆಗೆ ತಗುಲಿ ಗೀರುತ್ತದೆ. ಹಾಗಾಗಿ ಹೀಲಿಯಂ ತುಂಬಿ ಬಿಗಿಯಾಗಿ ಮುಚ್ಚಿದ ಡಿಸ್ಕ್‌ಗಳನ್ನು ಒಯ್ದರು. ಒಳಗೆ ತನ್ನದೇ ವಾತಾವರಣ ಹೊತ್ತ ಡಿಸ್ಕಿಗೆ ಹೊರಗಿನ ಎತ್ತರದ ಹಂಗಿಲ್ಲ.

ಇದು ದೊಡ್ಡವರ ವಿಷಯ, ನಮಗೇನು ಎನ್ನಬೇಡಿ. ಒಂದು ಸಣ್ಣ ಲೆಕ್ಕ ಹಾಕೋಣ. ರಾತ್ರಿ ಹತ್ತಕ್ಕೆ ಮೆಜೆಸ್ಟಿಕ್‌ನಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದವನ ಚೀಲದಲ್ಲಿ 4 ಟಿಬಿಯ ಒಂದು ಹಾರ್ಡ್ ಡಿಸ್ಕ್ ಇದೆ ಎನ್ನಿ. ಬೆಳಗ್ಗೆ ಆರಕ್ಕೆ ಆತ ಹುಬ್ಬಳ್ಳಿಯಲ್ಲಿ ಇಳಿಯುತ್ತಾನೆ. 32 ಲಕ್ಷ ಕೋಟಿ ಬಿಟ್‌ಗಳು ಎಂಟು ಗಂಟೆಯಲ್ಲಿ ಊರು ಮುಟ್ಟಿದವು. ಭಾಗಿಸಿದರೆ ಸೆಕೆಂಡಿಗೆ ಸುಮಾರು 111 ಕೋಟಿ ಬಿಟ್. ಒಂದು ಗಿಗಾಬಿಟ್‌ಗೂ ತುಸು ಹೆಚ್ಚು. ಅದೇ ಮಾಹಿತಿಯನ್ನು ಮನೆಯ 20 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲಿ ಕಳಿಸಹೊರಟರೆ ಒಂದು ಕ್ಷಣವೂ ಸಂಪರ್ಕ ಕಡಿಯದಿದ್ದರೂ ಹದಿನೆಂಟೂವರೆ ದಿನ ಬೇಕು.

ಈ ಲೆಕ್ಕದಲ್ಲಿ ಒಂದು ಕಳ್ಳತನವಿದೆ. ಡಿಸ್ಕಿಗೆ ತುಂಬುವ ಹೊತ್ತು, ಅತ್ತ ಇಳಿಸುವ ಹೊತ್ತು ಸೇರಿಸಿಲ್ಲ. ಸೆಕೆಂಡಿಗೆ 120 ಎಂಬಿ ಓದಿ ಬರೆಯುವ ಡಿಸ್ಕಾದರೆ ತುಂಬಲು ಒಂಬತ್ತು ಗಂಟೆ, ಇಳಿಸಲು ಇನ್ನೊಂಬತ್ತು. ಎಲ್ಲ ಕೂಡಿಸಿದರೂ ಒಂದು ದಿನದ ಮೇಲೆ ಎರಡು ಮೂರು ಗಂಟೆ. ಹದಿನೆಂಟು ದಿನದ ಮುಂದೆ ಬಸ್ಸೇ ಗೆದ್ದಿತು. 2009ರಲ್ಲಿ ದಕ್ಷಿಣ ಆಫ್ರಿಕಾದ ಕಂಪನಿಯೊಂದು ಇದನ್ನು ಬೇರೆ ರೀತಿಯಲ್ಲಿ ತೋರಿಸಿತು. ನಿಧಾನಗತಿಯ ಬ್ರಾಡ್‌ಬ್ಯಾಂಡ್‌ನಿಂದ ಬೇಸತ್ತ ಆ ಕಂಪನಿ ವಿನ್‌ಸ್ಟನ್ ಎಂಬ ಪಾರಿವಾಳದ ಕಾಲಿಗೆ 4 ಜಿಬಿಯ ಕಾರ್ಡ್ ಕಟ್ಟಿ ಡರ್ಬನ್ನಿನತ್ತ ಹಾರಿಬಿಟ್ಟಿತು. ಎಂಬತ್ತು ಕಿಲೋಮೀಟರಿನಷ್ಟು ದೂರ. ಹಾರಾಟ ಒಂದು ಗಂಟೆ ಎಂಟು ನಿಮಿಷ. ಕಾರ್ಡಿನಿಂದ ಫೈಲುಗಳನ್ನು ಕಂಪ್ಯೂಟರಿಗೆ ಇಳಿಸಿ ಮುಗಿಸುವ ಹೊತ್ತಿಗೆ ಒಟ್ಟು ಎರಡು ಗಂಟೆ ಆರು ನಿಮಿಷ ಕಳೆದಿತ್ತು. ಅಷ್ಟರಲ್ಲಿ ತಂತಿಯ ಮೂಲಕ ಹೋಗಿದ್ದು ಶೇಕಡಾ 4 ಮಾತ್ರ.

ಕ್ಯೂಬಾದಲ್ಲಿ ಇಡೀ ದೇಶದ ಮನರಂಜನೆಯೇ ಹೀಗೆ ಕೈಯಿಂದ ಕೈಗೆ ಹರಿಯಿತು. ಮೊಬೈಲ್ ಇಂಟರ್‌ನೆಟ್ ಅಲ್ಲಿಗೆ ಬಂದದ್ದು 2018ರ ಡಿಸೆಂಬರಿನಲ್ಲಿ. ಅದಕ್ಕೂ ಮುಂಚೆ ವಾರಕ್ಕೊಮ್ಮೆ ಸುಮಾರು ಒಂದು ಟಿಬಿಯಷ್ಟು ಸಿನಿಮಾ, ಧಾರಾವಾಹಿ, ಹಾಡು, ಪತ್ರಿಕೆ, ಆ್ಯಪ್, ವರ್ಗೀಕೃತ ಜಾಹೀರಾತು ತುಂಬಿದ ‘ಎಲ್ ಪಾಕೆತೆ’ ಹಾರ್ಡ್ ಡಿಸ್ಕ್‌ಗಳಲ್ಲಿ ಊರೂರು ಸುತ್ತುತ್ತಿತ್ತು. ನಮ್ಮ ತಾಲ್ಲೂಕು ಪೇಟೆಗಳ ರೀಚಾರ್ಜ್ ಅಂಗಡಿಗಳನ್ನು ನೆನೆಸಿಕೊಂಡರೆ ಇದೇನೂ ವಿಚಿತ್ರವಲ್ಲ. 2016ರಲ್ಲಿ ಡೇಟಾ ಅಗ್ಗವಾಗುವ ತನಕ ಸಂತೆಗೆ ಬಂದವರು ಮೊಬೈಲಿನಿಂದ ಮೆಮೊರಿ ಕಾರ್ಡ್ ಬಿಚ್ಚಿಕೊಟ್ಟು ರಾಜ್‌ಕುಮಾರ್ ಹಾಡು, ಯಕ್ಷಗಾನ, ಭಜನೆ, ಜಾನಪದ ಗೀತೆ ಹಾಕಿಸಿಕೊಂಡು ಹೋಗುತ್ತಿದ್ದರು. ಕೃತಿಸ್ವಾಮ್ಯದ ಮಾತನ್ನು ಅಲ್ಲಿ ಯಾರೂ ಎತ್ತುತ್ತಿರಲಿಲ್ಲ. ಕ್ಯೂಬಾದಲ್ಲಿ ಸರ್ಕಾರದ ಬಿಗಿ ಹಿಡಿತ, ಇಲ್ಲಿ ಡೇಟಾದ ದುಬಾರಿ ಬೆಲೆ. ಕಾರಣ ಬೇರೆಯಾದರೂ ಜೇಬು ಹಿಡಿದ ದಾರಿ ಒಂದೇ.

ಆ ಮೆಮೊರಿ ಕಾರ್ಡು ಉಗುರಿನಷ್ಟು ಅಗಲ, ಒಂದು ಮಿಲಿಮೀಟರ್ ದಪ್ಪ. ಒಳಗೆ ಸುತ್ತುವ ತಟ್ಟೆಯಿಲ್ಲ, ಚಲಿಸುವ ಭಾಗ ಒಂದೂ ಇಲ್ಲ. ಕೆಳಗೆ ಬಿದ್ದರೂ ಏನೂ ಆಗದು. ಕಿಸೆಯಲ್ಲಿ ಮರೆತು ಬಟ್ಟೆಯ ಜೊತೆ ಒಗೆದರೂ ಚೆನ್ನಾಗಿ ಒಣಗಿಸಿದ ಮೇಲೆ ಅನೇಕ ಸಲ ಕೆಲಸ ಮಾಡುತ್ತದೆ. ಈ ಗಟ್ಟಿತನ ಕಂಡೇ ನಾವು ಅದನ್ನು ತಿಜೋರಿ ಎಂದು ನಂಬಿಬಿಟ್ಟೆವು. ಒಯ್ಯಲು ಇಷ್ಟು ಒಳ್ಳೆಯ ವಸ್ತು ಇಡುವುದಕ್ಕೂ ಒಳ್ಳೆಯದೇ ಇರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಅದು ಹಾಗೇಕಲ್ಲ ಎಂಬುದು ಚಿಪ್ಪಿನೊಳಗೆ ಇಳಿದರೆ ತಿಳಿಯುತ್ತದೆ.

ಕತೆ ಶುರುವಾಗುವುದು 1967ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಡಾವೊನ್ ಕಾಂಗ್ ಮತ್ತು ಸೈಮನ್ ಝೀ ಎಂಬಿಬ್ಬರು ಟ್ರಾನ್ಸಿಸ್ಟರಿನೊಳಗೆ ಒಂದು ಪುಟ್ಟ ದ್ವೀಪ ಕಟ್ಟಿದರು. ವಿದ್ಯುತ್ ಹರಿಯಬಲ್ಲ ಒಂದು ಚೂರು. ಅದರ ಸುತ್ತಲೂ ವಿದ್ಯುತ್ ಹರಿಯಗೊಡದ ನಿರೋಧಕ ಪದರ. ಯಾವ ತಂತಿಯೂ ಆ ಚೂರನ್ನು ಮುಟ್ಟುವುದಿಲ್ಲ. ಅಲ್ಲಿಗೆ ಹೇಗೋ ಎಲೆಕ್ಟ್ರಾನ್‌ಗಳನ್ನು ತಳ್ಳಿದರೆ ಕರೆಂಟು ಹೋದಮೇಲೂ ಅವು ಅಲ್ಲೇ ಸೆರೆಯಾಗಿರುತ್ತವೆ. ಸೆರೆಯಲ್ಲಿದ್ದರೆ ಸೊನ್ನೆ, ಖಾಲಿಯಿದ್ದರೆ ಒಂದು. ಇಂಥ ಒಂದೊಂದು ದ್ವೀಪವೂ ಒಂದು ಕೋಶ. ಇಂದಿನ ಚಿಪ್‌ಗಳಲ್ಲಿ ಆ ಚೂರಿನ ಬದಲು ಸಿಲಿಕಾನ್ ನೈಟ್ರೈಡ್ ಎಂಬ ಪದರ ಎಲೆಕ್ಟ್ರಾನ್‌ಗಳನ್ನು ಹಿಡಿದಿಡುವುದೇ ಹೆಚ್ಚು, ಆದರೆ ತತ್ವ ಅದೇ.

ತಂತಿ ಮುಟ್ಟದ ಜಾಗಕ್ಕೆ ಎಲೆಕ್ಟ್ರಾನ್ ಹೋಗುವುದು ಹೇಗೆ? ಇಲ್ಲಿ ಕ್ವಾಂಟಂ ಲೋಕ ನೆರವಿಗೆ ಬರುತ್ತದೆ. ನಿರೋಧಕ ಪದರ ಹತ್ತು ನ್ಯಾನೊಮೀಟರಿನ ಆಸುಪಾಸಿನಷ್ಟು ತೆಳುವಾಗಿದ್ದು, ಅದರಾಚೆಗೆ ಇಪ್ಪತ್ತು ವೋಲ್ಟ್‌ನಷ್ಟು ಸೆಳೆತ ಕೊಟ್ಟರೆ, ದಾಟಲಾಗದ ಆ ಗೋಡೆಯನ್ನು ಕೆಲವು ಎಲೆಕ್ಟ್ರಾನ್‌ಗಳು ದಾಟಿಯೇ ಬಿಡುತ್ತವೆ. ಗೋಡೆಯಲ್ಲಿ ತೂತಿಲ್ಲ, ಹತ್ತಿ ಇಳಿಯುವಷ್ಟು ಶಕ್ತಿಯೂ ಅವಕ್ಕಿಲ್ಲ. ಆದರೂ ಆಚೆ ಬದಿಯಲ್ಲಿ ಪ್ರತ್ಯಕ್ಷವಾಗುತ್ತವೆ. ಭೌತವಿಜ್ಞಾನಿಗಳು ಇದನ್ನು ಟನೆಲಿಂಗ್ ಎನ್ನುತ್ತಾರೆ. ಯುಎಸ್‌ಬಿ ಕಿಂಡಿ ಕೊಡುವುದು ಐದೇ ವೋಲ್ಟ್. ಅದನ್ನು ಇಪ್ಪತ್ತರವರೆಗೆ ಏರಿಸುವ ಪುಟಾಣಿ ವಿದ್ಯುತ್ ಪಂಪು ಚಿಪ್ಪಿನೊಳಗೇ ಇದೆ. ಬಸ್ಸಿನ ಸ್ಟೀರಿಯೊಗೆ ಪೆನ್ ಡ್ರೈವ್ ಚುಚ್ಚಿ ಹಾಡು ಹಾಕುವ ಡ್ರೈವರಣ್ಣನ ಕೈಯಲ್ಲೂ ಕ್ವಾಂಟಂ ಭೌತವಿಜ್ಞಾನದ ಒಂದು ಯಂತ್ರ ಇದೆ ಎಂಬುದು ನನಗೆ ಇಂದಿಗೂ ಬೆರಗು.

ಬರೆಯುವುದಾಯಿತು, ಅಳಿಸುವುದು? 1971ರಲ್ಲಿ ಇಂಟೆಲ್‌ನ ಡೊವ್ ಫ್ರೋಮನ್ ರೂಪಿಸಿದ ಚಿಪ್ಪಿನ ನೆತ್ತಿಗೆ ಸ್ಫಟಿಕದ ಕಿಟಕಿಯಿತ್ತು. ಅಳಿಸಬೇಕಾದರೆ ಹತ್ತಿಪ್ಪತ್ತು ನಿಮಿಷ ಅತಿನೇರಳೆ ಬೆಳಕಿನ ಕೆಳಗಿಡಬೇಕಿತ್ತು. ಜಪಾನಿನ ತೋಷಿಬಾ ಕಂಪನಿಯ ಫುಜಿಯೊ ಮಸುವೊಕಾ ಇದನ್ನು ವಿದ್ಯುತ್ತಿನಿಂದಲೇ, ಅದೂ ಒಂದೊಂದೇ ಕೋಶವನ್ನಲ್ಲ, ಸಾಲುಸಾಲಾಗಿ ಒಮ್ಮೆಲೇ ಅಳಿಸುವ ಉಪಾಯ ಹುಡುಕಿದರು. ಒಂದೊಂದು ಕೋಶಕ್ಕೂ ಬೇರೆ ಬೇರೆ ತಂತಿ ಎಳೆಯುವ ತಾಪತ್ರಯ ತಪ್ಪಿದ್ದರಿಂದ ಅದೇ ಜಾಗದಲ್ಲಿ ಹೆಚ್ಚು ಕೋಶ ಹಿಡಿಸಿದವು, ಬೆಲೆ ಇಳಿಯಿತು. 1984ರಲ್ಲಿ ಮೊದಲ ಬಗೆಯ ಫ್ಲ್ಯಾಶ್ ಮೆಮೊರಿಯನ್ನೂ 1987ರಲ್ಲಿ ‘ನ್ಯಾಂಡ್’ ಬಗೆಯದನ್ನೂ ಅವರು ಜಗತ್ತಿನ ಮುಂದಿಟ್ಟರು. ನಮ್ಮ ಪೆನ್ ಡ್ರೈವ್, ಕಾರ್ಡ್, ಮೊಬೈಲ್ ಎಲ್ಲದರಲ್ಲೂ ಇರುವುದು ಈ ಎರಡನೆಯದು. ತಕ್ಕ ಪ್ರತಿಫಲ ಸಿಗಲಿಲ್ಲವೆಂದು ಮಸುವೊಕಾ 2004ರಲ್ಲಿ ತಮ್ಮ ಹಳೆಯ ಕಂಪನಿಯ ಮೇಲೆಯೇ ದಾವೆ ಹೂಡಿದರು. ನೂರು ಕೋಟಿ ಯೆನ್ ಕೇಳಿದ್ದ ಅವರಿಗೆ 2006ರ ರಾಜಿಯಲ್ಲಿ ಸಿಕ್ಕಿದ್ದು 8.7 ಕೋಟಿ ಯೆನ್.

ಸೆರೆಸಿಕ್ಕ ಎಲೆಕ್ಟ್ರಾನ್‌ಗಳು ಎಷ್ಟು? ಇಂದಿನ ಒಂದು ಕೋಶದಲ್ಲಿ ಕೆಲವು ನೂರು, ಕೆಲವೊಮ್ಮೆ ಅದಕ್ಕೂ ಕಡಿಮೆ. ಪುಸ್ತಕ ತುಂಬಿದ ಇ-ರೀಡರ್ ಖಾಲಿಯದಕ್ಕಿಂತ ಭಾರವೇ ಎಂಬ ತಲೆಹರಟೆ ಪ್ರಶ್ನೆಗೆ 2011ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಜಾನ್ ಕ್ಯುಬಿಯಾಟೊವಿಚ್ ಲೆಕ್ಕ ಹಾಕಿ ಉತ್ತರಿಸಿದ್ದರು. 4 ಜಿಬಿ ತುಂಬಿದರೆ ಹೆಚ್ಚುವ ತೂಕ ಒಂದು ಗ್ರಾಮಿನ ಲಕ್ಷ ಕೋಟಿಯ ಒಂದು ಪಾಲನ್ನು ಮತ್ತೆ ಹತ್ತು ಲಕ್ಷ ಪಾಲು ಮಾಡಿದಷ್ಟು. ಎಲೆಕ್ಟ್ರಾನ್‌ಗಳ ಸಂಖ್ಯೆ ಹೆಚ್ಚಿದ್ದರಿಂದಲ್ಲ. ಸೆರೆಯಲ್ಲಿರುವ ಎಲೆಕ್ಟ್ರಾನಿಗೆ ಹೊರಗಿನದಕ್ಕಿಂತ ತುಸು ಹೆಚ್ಚು ಶಕ್ತಿಯಿರುತ್ತದೆ, ಶಕ್ತಿಗೆ ತೂಕವಿದೆ ಎಂದು ಐನ್‌ಸ್ಟೈನ್ ಹೇಳಿಯಾಗಿದೆ.

ಈಗ ತೊಂದರೆಯ ಮೂಲಕ್ಕೆ ಬರೋಣ. ಪ್ರತಿ ಕೋಶವನ್ನೂ ಒಂದು ಮಣ್ಣಿನ ಮಡಕೆ ಎಂದುಕೊಳ್ಳಿ. ಮೊದಮೊದಲು ಮಡಕೆ ತುಂಬಿದೆಯೇ ಖಾಲಿಯೇ ಎಂದಷ್ಟೇ ನೋಡುತ್ತಿದ್ದರು. ಒಂದು ಮಡಕೆಗೆ ಒಂದು ಬಿಟ್. ಅಗ್ಗ ಮಾಡುವ ಆಸೆಗೆ ಕಾಲು, ಅರ್ಧ, ಮುಕ್ಕಾಲಿಗೆ ಗೆರೆ ಎಳೆದು ನಾಲ್ಕು ಮಟ್ಟ ಗುರುತಿಸಿದರು. ಒಂದು ಮಡಕೆಯಲ್ಲಿ ಎರಡು ಬಿಟ್. ಆಮೇಲೆ ಎಂಟು ಮಟ್ಟ, ಮೂರು ಬಿಟ್. ಈಗ ಹದಿನಾರು ಮಟ್ಟ, ನಾಲ್ಕು ಬಿಟ್. ಮಡಕೆ ಹಳೆಯದೇ, ಗೆರೆಗಳು ಮಾತ್ರ ಒತ್ತೊತ್ತಾದವು. ಮಣ್ಣಿನ ಮಡಕೆ ಜಿನುಗುತ್ತದೆ. ಎರಡೇ ಮಟ್ಟವಿದ್ದಾಗ ಸ್ವಲ್ಪ ಜಿನುಗಿದರೂ ತುಂಬಿದ್ದು ತುಂಬಿದಂತೆಯೇ ಕಾಣುತ್ತಿತ್ತು. ಹದಿನಾರು ಗೆರೆಯಿದ್ದಲ್ಲಿ ಬೆರಳಷ್ಟು ಇಳಿದರೂ ಹದಿಮೂರು ಹೋಗಿ ಹನ್ನೆರಡಾಯಿತು. ಒಂದು ಬಿಟ್‌ನ ಕೋಶಗಳನ್ನು ಲಕ್ಷ ಸಲ ಬರೆದು ಅಳಿಸಬಹುದಿತ್ತು. ಮೂರು ಬಿಟ್‌ನವು ಸಾಮಾನ್ಯವಾಗಿ ಒಂದರಿಂದ ಮೂರು ಸಾವಿರ ಸಲ, ನಾಲ್ಕು ಬಿಟ್‌ನವು ಸಾವಿರದ ಆಸುಪಾಸು. ಪ್ರತಿ ಸಲ ಎಲೆಕ್ಟ್ರಾನ್ ಗೋಡೆ ದಾಟುವಾಗಲೂ ಗೋಡೆಗೆ ಒಂದಿಷ್ಟು ಗಾಯವಾಗುತ್ತದೆ. ಗಾಯವಾದ ಗೋಡೆ ಹೆಚ್ಚು ಸೋರುತ್ತದೆ.

ಇಂಥ ಸೋರುವ ಕೋಶಗಳಿಂದ ನಂಬಲರ್ಹ ವಸ್ತು ಮಾಡಿಕೊಡುವುದು ಕಂಟ್ರೋಲರ್. ಪೆನ್ ಡ್ರೈವಿನ ಒಳಗಿರುವ ಪುಟ್ಟ ಕಂಪ್ಯೂಟರ್ ಅದು. ಯಾವ ಕೋಶ ಎಷ್ಟು ಸವೆದಿದೆ ಎಂಬ ಲೆಕ್ಕ ಇಡುತ್ತದೆ, ತಪ್ಪಿದ ಬಿಟ್‌ಗಳನ್ನು ಗಣಿತದಿಂದ ತಿದ್ದುತ್ತದೆ, ಒಂದೇ ಜಾಗ ಸವೆಯದಂತೆ ಬರವಣಿಗೆಯನ್ನು ಹಂಚುತ್ತದೆ. ಫ್ಲ್ಯಾಶಿನ ಒಂದು ವಿಚಿತ್ರವೆಂದರೆ ಬರೆಯುವುದು ಪುಟದ ಲೆಕ್ಕದಲ್ಲಿ, ಅಂದರೆ ಕೆಲವು ಕಿಲೋಬೈಟ್. ಅಳಿಸುವುದು ಮಾತ್ರ ನೂರಾರು ಪುಟಗಳ ಇಡೀ ಬ್ಲಾಕ್. ನೀವು ಪತ್ರದಲ್ಲಿ ಒಂದು ಅಕ್ಷರ ತಿದ್ದಿದರೆ ಹಳೆಯ ಜಾಗದಲ್ಲಿ ತಿದ್ದಲು ಬರುವುದಿಲ್ಲ. ಹೊಸ ಪುಟದಲ್ಲಿ ಬರೆದು, ಹಳೆಯದನ್ನು ರದ್ದಿ ಎಂದು ಗುರುತು ಹಾಕಿ, ಯಾವುದು ಎಲ್ಲಿದೆ ಎಂಬ ನಕ್ಷೆ ಬದಲಿಸಬೇಕು. ಫೈಲು ಕಾಪಿಯಾದ ತಕ್ಷಣ ಪೆನ್ ಡ್ರೈವ್ ಕಿತ್ತುಕೊಂಡು ಓಡುವವರಿಗೆ ಕಾಣದಿರುವುದು ಈ ಒಳಗಿನ ಗಡಿಬಿಡಿ. ಪರದೆಯ ಮೇಲೆ ಕೆಲಸ ಮುಗಿದಿದ್ದರೂ ಒಳಗೆ ನಕ್ಷೆ ಬರೆಯುತ್ತಿರಬಹುದು. ನಡುವೆ ಕರೆಂಟು ಕಡಿದರೆ ಕೆಡುವುದು ಒಂದು ಫೈಲಲ್ಲ, ನಕ್ಷೆಯೇ. ಆಗ ‘ಡ್ರೈವ್ ಫಾರ್ಮ್ಯಾಟ್ ಮಾಡಬೇಕೇ?’ ಎಂದು ಕಂಪ್ಯೂಟರ್ ತಣ್ಣಗೆ ಕೇಳುತ್ತದೆ. ತೆಗೆಯುವ ಮುನ್ನ ‘ಎಜೆಕ್ಟ್’ ಒತ್ತುವುದಕ್ಕೆ ಬೇಕಾದದ್ದು ಐದು ಸೆಕೆಂಡು.

ಡಿಲೀಟ್ ಒತ್ತಿದರೆ ಅಳಿಯಿತು ಎಂಬುದೂ ಅರ್ಧ ಸತ್ಯ. ಹೋಗುವುದು ಪರಿವಿಡಿಯಲ್ಲಿನ ಹೆಸರು ಮಾತ್ರ; ಒಳಪುಟಗಳು ಮೇಲೆ ಬೇರೆ ಬರೆಯುವ ತನಕ ಇರುತ್ತವೆ. ಆಕಸ್ಮಿಕವಾಗಿ ಅಳಿಸಿದ ಫೋಟೊಗಳನ್ನು ಕಾರ್ಡಿನಿಂದ ಮತ್ತೆ ಹೊರತೆಗೆಯಲು ಆಗುವುದು ಹೀಗೆ. ಹಾರ್ಡ್ ಡಿಸ್ಕಿನ ಕತೆಯೂ ಅದೇ. ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೇಲತ್ ಹಳೆಯ 158 ಹಾರ್ಡ್ ಡಿಸ್ಕ್ ಕೊಂಡು ಪರೀಕ್ಷಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129 ಡಿಸ್ಕ್‌ಗಳ ಪೈಕಿ ಸರಿಯಾಗಿ ಅಳಿಸಿದ್ದವು ಹನ್ನೆರಡೇ. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ಸಂಖ್ಯೆಗಳೂ ಸಿಕ್ಕವು. ಹಳೆಯ ಮೊಬೈಲ್ ಎಕ್ಸ್‌ಚೇಂಜಿಗೆ ಕೊಡುವವರು ಒಳಗಿನ ಕಾರ್ಡನ್ನು ತಾವೇ ಇಟ್ಟುಕೊಳ್ಳುವುದು ಲೇಸು.

ಇದೇ ಪರಿವಿಡಿಯ ಕಣ್ಕಟ್ಟು ಮೋಸಗಾರರಿಗೂ ವರವಾಗಿದೆ. ಕೆಲವು ನೂರು ರೂಪಾಯಿಗೆ ‘1 ಟಿಬಿ’ ಪೆನ್ ಡ್ರೈವ್ ಫುಟ್‌ಪಾತಿನಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಒಳಗಿರುವುದು 8 ಜಿಬಿಯದೋ 16 ಜಿಬಿಯದೋ ಚಿಪ್. ತನ್ನನ್ನು 1 ಟಿಬಿ ಎಂದು ಹೇಳಿಕೊಳ್ಳುವಂತೆ ಕಂಟ್ರೋಲರಿಗೆ ಪಾಠ ಹೇಳಿರುತ್ತಾರೆ. ನೀವು ನೂರು ಜಿಬಿ ತುಂಬಿದರೂ ಅದು ಗೊಣಗುವುದಿಲ್ಲ. ಎಲ್ಲ ಹೆಸರುಗಳೂ ಪರಿವಿಡಿಯಲ್ಲಿ ಕಾಣುತ್ತವೆ. ತೆರೆದು ನೋಡಿದಾಗಲೇ ಹೆಸರಿನ ಹಿಂದೆ ಏನೂ ಇಲ್ಲವೆಂದು ತಿಳಿಯುವುದು. ಪರೀಕ್ಷಿಸಲು ಒಂದೇ ದಾರಿ: ಪೂರ್ತಿ ತುಂಬಿ, ಪೂರ್ತಿ ಓದಿ ತಾಳೆ ನೋಡುವುದು. ಅದಕ್ಕೆ ಉಚಿತ ತಂತ್ರಾಂಶಗಳಿವೆ. ಹಾಗೆಂದು 16 ಜಿಬಿ ಎಂದು ಬರೆದ ಡ್ರೈವು 14.9 ಎಂದು ತೋರಿಸಿದರೆ ಜಗಳಕ್ಕೆ ಹೋಗಬೇಡಿ. ತಯಾರಕರು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ 107 ಕೋಟಿ ಚಿಲ್ಲರೆ ಎಂದು ಎಣಿಸುತ್ತದೆ. ಜಾಗ ಬೇಕಾದಷ್ಟಿದ್ದರೂ ಮದುವೆಯ ದೊಡ್ಡ ವಿಡಿಯೋ ಒಳಗೆ ಹೋಗಲೊಲ್ಲದು ಎಂಬ ದೂರಿಗೂ ಕಾರಣ ಸರಳ: ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. 2006ರಲ್ಲಿ ಬಂದ ಎಕ್ಸ್‌ಫ್ಯಾಟ್‌ಗೆ ಬದಲಿಸಿದರೆ ಹೋಗುತ್ತದೆ, ಆದರೆ ಹಳೆಯ ಟಿವಿಗಳು ಅದನ್ನು ಓದದೆ ಮುಖ ತಿರುಗಿಸಬಹುದು.

ಇಷ್ಟೆಲ್ಲ ಜೇಬಿಗೆ ಬಂದದ್ದು ಈ ಶತಮಾನದ ಬಾಗಿಲಿನಲ್ಲಿ. ವಡೋದರದಲ್ಲಿ ಬೆಳೆದ ಅಜಯ್ ಭಟ್ಟರ ಮುಂದಾಳತ್ವದಲ್ಲಿ ಇಂಟೆಲ್ ಮತ್ತಿತರ ಕಂಪನಿಗಳು ರೂಪಿಸಿದ ಯುಎಸ್‌ಬಿ 1996ರಲ್ಲಿ ಬಂತು. 1999ರಲ್ಲಿ ಇಸ್ರೇಲಿನ ಎಂ-ಸಿಸ್ಟಮ್ಸ್ ಕಂಪನಿ ಫ್ಲ್ಯಾಶ್ ಚಿಪ್ಪಿಗೆ ಯುಎಸ್‌ಬಿ ಮೂತಿ ಜೋಡಿಸುವುದಕ್ಕೆ ಪೇಟೆಂಟ್ ಅರ್ಜಿ ಹಾಕಿತು. 2000ದಲ್ಲಿ ಸಿಂಗಪುರದ ಟ್ರೆಕ್ 2000 ಕಂಪನಿ ತನ್ನ ಥಂಬ್‌ಡ್ರೈವ್ ತೋರಿಸಿತು. ಚೀನಾದ ನೆಟ್ಯಾಕ್ ಕೂಡ ತಾನೇ ಮೊದಲಿಗ ಎನ್ನುತ್ತದೆ. ಯಾರು ಮೊದಲು ಎಂಬ ವ್ಯಾಜ್ಯ ಕೋರ್ಟುಗಳಲ್ಲಿ ಉರುಳಾಡಿದೆ. ಅದನ್ನು ಅಲ್ಲಿಗೇ ಬಿಡೋಣ. 2000ದ ಕೊನೆಯಲ್ಲಿ ಐಬಿಎಂ ಅಮೆರಿಕದಲ್ಲಿ ಮಾರಿದ ಡ್ರೈವಿನಲ್ಲಿ ಹಿಡಿಸುತ್ತಿದ್ದದ್ದು 8 ಎಂಬಿ. ಇಂದು ವಾಟ್ಸ್ಆ್ಯಪಿನ ಒಂದು ಮುಂಜಾನೆಗೂ ಸಾಲದು. ಆದರೆ 1.44 ಎಂಬಿಯ ಫ್ಲಾಪಿ ಹಿಡಿದು ಓಡಾಡುತ್ತಿದ್ದವರಿಗೆ ಅದು ಐದು ಫ್ಲಾಪಿಗೂ ಮಿಗಿಲು.

ಜನ ಓಡಾಡಿದ ಕಡೆಯೆಲ್ಲ ಸೋಂಕೂ ಓಡಾಡುತ್ತದೆ. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ ‘ಬ್ರೇನ್’ ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ದಾಟುತ್ತ ಖಂಡಾಂತರ ಹೋಯಿತು. ತಮ್ಮ ಅಂಗಡಿಯ ವಿಳಾಸವನ್ನೂ ಅವರು ಅದರಲ್ಲೇ ಬರೆದಿದ್ದರು. ಪೆನ್ ಡ್ರೈವ್ ಬಂದಮೇಲೆ ಚುಚ್ಚಿದೊಡನೆ ತಾನಾಗಿ ಓಡುವ ವಿಂಡೋಸಿನ ಸೌಕರ್ಯ ವೈರಸ್ಸಿಗೆ ರಾಜಮಾರ್ಗವಾಯಿತು. ಝೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರಿಂಟ್ ತೆಗೆಸಿ ಬಂದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತಿದ್ದ ಕಾಲ ಅನೇಕರಿಗೆ ನೆನಪಿದ್ದೀತು. 2011ರಲ್ಲಿ ಮೈಕ್ರೊಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಆ ಸೌಕರ್ಯವನ್ನು ಮುಚ್ಚಿತು. ಅಷ್ಟರಲ್ಲಿ ಇರಾನಿನ ನತಾನ್ಜ್ ಕೇಂದ್ರದಲ್ಲಿ ಯುರೇನಿಯಂ ಸಂವರ್ಧಿಸುವ ಯಂತ್ರಗಳು ಕೆಟ್ಟು ಕೂತಿದ್ದವು. 2010ರ ಜೂನಿನಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶದ ಗುರಿ ಆ ಯಂತ್ರಗಳೇ. ಹೊರಗಿನ ಜಾಲಕ್ಕೆ ಒಂದು ತಂತಿಯೂ ಇಲ್ಲದಂತೆ ಕಾಪಾಡಿದ್ದ ಜಾಗಕ್ಕೆ ಅದು ಹೊಕ್ಕಿದ್ದು ಯಾರದೋ ಯುಎಸ್‌ಬಿ ಡ್ರೈವಿನಲ್ಲಿ ಕೂತು ಎಂದು ತಜ್ಞರು ಹೇಳುತ್ತಾರೆ. ಬಸ್ಸು ಹತ್ತಿದ ಬಿಟ್‌ಗಳಿಗೆ ಇಂಟರ್‌ನೆಟ್ ಬೇಕಿಲ್ಲ ಎಂಬ ನಮ್ಮ ಲೆಕ್ಕ ಕಳ್ಳನಿಗೂ ಗೊತ್ತು.

ಬಿದ್ದ ಪೆನ್ ಡ್ರೈವ್ ಸಿಕ್ಕರೆ ಜನ ಏನು ಮಾಡುತ್ತಾರೆ? ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು ಬೇಕೆಂದೇ 297 ಡ್ರೈವ್ ಬೀಳಿಸಿದರು. 2016ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಶೇಕಡಾ 98ನ್ನು ಯಾರೋ ಎತ್ತಿಕೊಂಡರು, ಶೇಕಡಾ 45ರಲ್ಲಿದ್ದ ಫೈಲುಗಳನ್ನು ತೆರೆದೂ ನೋಡಿದರು. ಯಾರದೆಂದು ಪತ್ತೆ ಹಚ್ಚಿ ಹಿಂದಿರುಗಿಸುವ ಒಳ್ಳೆಯತನದಿಂದ ತೆರೆದವರೇ ಬಹಳ ಮಂದಿ. ಈ ಒಳ್ಳೆಯತನಕ್ಕೆ ಗುಂಡಿ ತೋಡುವವರಿದ್ದಾರೆ. 2014ರಲ್ಲಿ ಭದ್ರತಾ ಸಂಶೋಧಕರಾದ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ ತೋರಿಸಿದಂತೆ, ಕಂಟ್ರೋಲರಿನ ತಂತ್ರಾಂಶವನ್ನೇ ಬದಲಿಸಿದರೆ ಪೆನ್ ಡ್ರೈವ್ ತಾನೊಂದು ಕೀಬೋರ್ಡ್ ಎಂದು ಹೇಳಿಕೊಂಡು ನಿಮ್ಮ ಕಂಪ್ಯೂಟರಿಗೆ ಆಜ್ಞೆ ಟೈಪಿಸಬಲ್ಲದು. ಫೈಲುಗಳನ್ನು ಹುಡುಕುವ ಆ್ಯಂಟಿವೈರಸ್ಸಿಗೆ ಇದು ಕಾಣುವುದೇ ಇಲ್ಲ.

ಇನ್ನು ಇಡುವ ಮಾತು. ಈಗ ಮದುವೆ ಫೋಟೊಗ್ರಾಫರುಗಳು ಆಲ್ಬಮ್ ಜೊತೆಗೆ ಚೆಂದದ ಮರದ ಡಬ್ಬಿಯಲ್ಲೊಂದು ಪೆನ್ ಡ್ರೈವ್ ಕೊಡುತ್ತಾರೆ. ಎಲ್ಲರೂ ಒಮ್ಮೆ ಟಿವಿಗೆ ಹಾಕಿ ನೋಡಿ, ಸೀರೆಗಳ ನಡುವೆ ಬೀರುವಿನಲ್ಲಿ ಇಡುತ್ತಾರೆ. ಆ ಡ್ರೈವಿನಲ್ಲಿ ಯಾವ ದರ್ಜೆಯ ಚಿಪ್ ಇದೆ, ಕೋಶಕ್ಕೆ ಎಷ್ಟು ಬಿಟ್ ತುರುಕಿದ್ದಾರೆ ಎಂದು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಕಂಪ್ಯೂಟರಿನೊಳಗೆ ಬಳಸುವ, ಇದಕ್ಕಿಂತ ಎಷ್ಟೋ ಉತ್ತಮವಾದ ಎಸ್‌ಎಸ್‌ಡಿಗಳಿಗೆ ಜೆಡೆಕ್ ಎಂಬ ಉದ್ಯಮ ಒಕ್ಕೂಟದ ಮಾನದಂಡವೊಂದಿದೆ: ಪೂರ್ತಿ ಸವೆದ ಡ್ರೈವು ಕರೆಂಟಿಲ್ಲದೆ, 30 ಡಿಗ್ರಿಯಲ್ಲಿ, ಒಂದು ವರ್ಷ ಮಾಹಿತಿ ಹಿಡಿದಿಟ್ಟುಕೊಂಡರೆ ಸಾಕು. ಹೊಸ ಡ್ರೈವು ಇದಕ್ಕಿಂತ ಬಹುಕಾಲ, ಹಲವು ವರ್ಷ ಬಾಳುತ್ತದೆ, ಹೆದರಬೇಕಿಲ್ಲ. ಗಮನಿಸಬೇಕಾದದ್ದು ಆ 30 ಡಿಗ್ರಿಯನ್ನು. ಬಿಸಿಗೆ ಎಲೆಕ್ಟ್ರಾನ್‌ಗಳ ಪರಾರಿ ಜಾಸ್ತಿ. ಆ ಮಾನದಂಡದ ಲೆಕ್ಕದಲ್ಲಿ ಇಟ್ಟ ಜಾಗದ ಉಷ್ಣತೆ ಐದು ಡಿಗ್ರಿ ಏರಿದರೆ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ತಾರಸಿಯ ಕೆಳಗಿನ ಕಬ್ಬಿಣದ ಬೀರು ಎಷ್ಟು ಕಾಯುತ್ತದೆಂದು ಅಲ್ಲಿನವರಿಗೆ ಹೇಳಬೇಕಿಲ್ಲ. ಕಾರಿನ ಡ್ಯಾಶ್‌ಬೋರ್ಡ್ ಇನ್ನೂ ಕೆಟ್ಟದ್ದು.

ಆಗಾಗ ಕಂಪ್ಯೂಟರಿಗೆ ಚುಚ್ಚಿದರೆ ಚಾರ್ಜ್ ಆಗಿ ಸರಿಹೋಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಸಾಧಾರಣ ಪೆನ್ ಡ್ರೈವಿನ ಮಟ್ಟಿಗೆ ಅದನ್ನು ನೆಚ್ಚುವಂತಿಲ್ಲ. ಓದಿದ ಮಾತ್ರಕ್ಕೆ ಕೋಶ ಮತ್ತೆ ತುಂಬುವುದಿಲ್ಲ. ಎಲ್ಲವನ್ನೂ ಬೇರೆಡೆ ಕಾಪಿ ಮಾಡಿಕೊಂಡು, ಮತ್ತೆ ಹೊಸದಾಗಿ ಬರೆದರಷ್ಟೇ ತುಂಬುತ್ತದೆ. ಬಿಟ್‌ಗಳು ಉಳಿದರೂ ಸಾಲದು ಎಂಬುದು ಕನ್ನಡದ ಡಿಟಿಪಿ ಅಂಗಡಿಯವರಿಗೆ ಎಂದೋ ಗೊತ್ತಿರುವ ಸಂಗತಿ. ಪೇಜ್‌ಮೇಕರಿನಲ್ಲಿ ಕಟ್ಟಿದ ಪುಟಗಳನ್ನು ಪೆನ್ ಡ್ರೈವಿನಲ್ಲಿ ಮುದ್ರಣಾಲಯಕ್ಕೆ ಒಯ್ದಾಗ ಅಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಚಿತ್ರವಿಚಿತ್ರ ಗುರುತುಗಳು. ಫೈಲಿನ ಜೊತೆ ಫಾಂಟನ್ನೂ ಹಾಕಿಕೊಂಡು ಹೋಗುವುದನ್ನು ಅವರು ಕಲಿತದ್ದು ಹಾಗೆ. ಯೂನಿಕೋಡ್‌ಗೆ ಮುಂಚಿನ ಎಷ್ಟೋ ಕನ್ನಡ ಪುಸ್ತಕಗಳ ಫೈಲುಗಳು ಒಂದು ಬೈಟೂ ಕೆಡದೆ ಉಳಿದಿದ್ದೂ ತೆರೆದವರಿಗೆ ಓದಲು ಬಾರದಂತಾಗಿವೆ.

ಬ್ಯಾಕಪ್ ಇದೆ ಎಂದು ನಂಬಿ ಕೂತವರಲ್ಲಿ ದೊಡ್ಡವರೂ ಇದ್ದಾರೆ. 1998ರಲ್ಲಿ ಪಿಕ್ಸಾರ್ ಸ್ಟುಡಿಯೊದಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಸಿನಿಮಾದ ಬಹುಪಾಲು ಫೈಲುಗಳು ಕಣ್ಣೆದುರೇ ಮಾಯವಾದವು. ಬ್ಯಾಕಪ್ ತೆರೆದು ನೋಡಿದರೆ ಅದು ಎಷ್ಟೋ ದಿನಗಳಿಂದ ಸರಿಯಾಗಿ ಆಗುತ್ತಲೇ ಇರಲಿಲ್ಲ. ಕೈಹಿಡಿದದ್ದು ತಾಂತ್ರಿಕ ಮುಖ್ಯಸ್ಥೆ ಗ್ಯಾಲಿನ್ ಸುಸ್ಮನ್. ಬಾಣಂತನದ ದಿನಗಳಲ್ಲಿ ಮನೆಯಿಂದಲೇ ಕೆಲಸ ಮಾಡಲೆಂದು ಸಿನಿಮಾದ ಒಂದು ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಬೆಲ್ಟ್ ಬಿಗಿದು, ನಿಧಾನಕ್ಕೆ ಸ್ಟುಡಿಯೊಗೆ ತಂದರು. ಆಮೇಲೆ ಸ್ಟುಡಿಯೊದವರು ಕತೆಯೇ ಸರಿಯಿಲ್ಲವೆಂದು ಸಿನಿಮಾದ ಬಹುಭಾಗವನ್ನು ಹೊಸದಾಗಿ ಮಾಡಿದರು ಎಂಬುದು ಬೇರೆ ಮಾತು.

ಪಿಕ್ಸಾರಿನಲ್ಲಿ ಆಕಸ್ಮಿಕವಾಗಿ ಒದಗಿದ್ದನ್ನು ನಾವು ಬೇಕೆಂದು ಮಾಡಬಹುದು. ಛಾಯಾಗ್ರಾಹಕ ಪೀಟರ್ ಕ್ರೋ ತಮ್ಮ ವೃತ್ತಿಯವರಿಗೆಂದು ಪ್ರಚಾರಕ್ಕೆ ತಂದ ಸೂತ್ರವೊಂದಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅದರಲ್ಲೊಂದು ಬೇರೆ ಊರಿನಲ್ಲಿ ಅಥವಾ ಕಡೇಪಕ್ಷ ಬೇರೆ ಸೂರಿನಡಿ. ಕಂಪ್ಯೂಟರಿನಲ್ಲಿರುವುದು ಒಂದು, ಕ್ಲೌಡ್‌ನಲ್ಲಿ ಇಟ್ಟಿದ್ದರೆ ಇನ್ನೊಂದು. ಮೂರನೆಯದಕ್ಕೆ ನನ್ನ ಮತ ಹಾರ್ಡ್ ಡಿಸ್ಕಿಗೆ, ಪೆನ್ ಡ್ರೈವಿಗಲ್ಲ. ಹಾರ್ಡ್ ಡಿಸ್ಕಿನ ಕಾಂತೀಯ ಗುರುತುಗಳು ಬೀರುವಿನ ಬಿಸಿಗೆ ಸುಲಭವಾಗಿ ಅಳುಕುವುದಿಲ್ಲ. ಅದರ ವೈರಿ ಕೈಜಾರುವುದು. ತಂತಿ ಕಳಚಿಟ್ಟ ಡಿಸ್ಕಿಗೆ ಇನ್ನೊಂದು ಗುಣವಿದೆ: ಕಂಪ್ಯೂಟರಿಗೆ ಹೊಕ್ಕು ಫೈಲುಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ರ‍್ಯಾನ್‌ಸಮ್‌ವೇರ್ ಅದರತ್ತ ಕೈಚಾಚಲಾರದು.

ಕ್ಲೌಡ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಲೊಲ್ಲದವರು ಒಂದೇ ಅಳತೆಯ ಎರಡು ಡಿಸ್ಕ್ ಕೊಳ್ಳಲಿ. ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಊರಿನಲ್ಲಿರುವ ಅಣ್ಣನ ಮನೆಯಲ್ಲಿ. ದೀಪಾವಳಿಗೆ ಹೋಗುವಾಗ ಇಲ್ಲಿ ಹೊಸದಾಗಿ ತುಂಬಿದ ಡಿಸ್ಕ್ ಒಯ್ದು ಅಲ್ಲಿಟ್ಟು, ಅಲ್ಲಿದ್ದುದನ್ನು ತನ್ನಿ. ಯುಗಾದಿಗೆ ಮತ್ತೆ ಅದಲುಬದಲು. ಯಾವುದು ಯಾವ ಹಬ್ಬದ್ದು ಎಂದು ಮೈಮೇಲೆ ಮಾರ್ಕರಿನಲ್ಲಿ ತಾರೀಕು ಬರೆಯಿರಿ. ಬಸ್ಸು ಹತ್ತುವ ಮುಂಚೆ ಹತ್ತಾರು ಫೈಲು ನಿಜಕ್ಕೂ ತೆರೆದು ನೋಡಿ. ಹೆಸರು ಕಂಡರೆ ಸಾಲದು. ಡಿಸ್ಕಿಗೆ ಪಾಸ್‌ವರ್ಡಿನ ಗೂಢಲಿಪಿ ಹಾಕಿದ್ದರೆ ದಾರಿಯಲ್ಲಿ ಕಳೆದುಹೋದರೂ ಕಂಡವರ ಪಾಲಾಗುವುದಿಲ್ಲ. ಆ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಅತ್ತಿಗೆಯ ಕೈಗೆ ಕೊಟ್ಟಿರಿ. ಡಿಸ್ಕಿನ ಡಬ್ಬಿಯೊಳಗೆ ಮಾತ್ರ ಇಡಬೇಡಿ.